ಆರು ದಿನ ಕಡಿಮೆ

1741, ಜನವರಿ 3, ಶನಿವಾರ

ಬೋಗುಣಿ ಉಜ್ಜಿದ್ದಾಯಿತು. ಮರಳು, ಒದ್ದೆ ಬಟ್ಟೆ, ಕೈ ಮರಗಟ್ಟುವವರೆಗೆ. ಊರಿನ ಚರ್ಚಾದ ಸಭಾಮಂದಿರದ ಪಾತ್ರೆಗಳನ್ನು ಮನೆಯಲ್ಲಿಟ್ಟುಕೊಳ್ಳುವ ಗೌರವ ಡೀಕನ್ ಆದ, ಅಂದರೆ ಪಾದ್ರಿಗಳಿಗೆ ಸಭೆ ನಡೆಸಲು ನೆರವಾಗುವ, ಅಣ್ಣ ಎಲಿಫಲೆಟ್‌ನದು. ಉಜ್ಜುವ ಗೌರವ ನನ್ನದು. ಅತ್ತಿಗೆ ತಾಮ್ಸಿನ್ ತೀರಿಕೊಂಡ ಮೇಲೆ ಹದಿನಾಲ್ಕು ವರ್ಷದಿಂದ ಹೀಗೇ. ಊರಿನ ಎಷ್ಟು ಕೂಸುಗಳ ದೀಕ್ಷಾಸ್ನಾನ ಈ ತವರದ ಬೋಗುಣಿಯ ನೀರಿನಲ್ಲಾಗಿದೆಯೋ, ದೇವರೇ ಬಲ್ಲ.

ಮಧ್ಯಾಹ್ನ ಬೆಥಿಯಾ ಬಂದಿದ್ದಳು. ಅಣ್ಣನ ಒಬ್ಬಳೇ ಮಗಳು. ಹೆತ್ತವಳು ತಾಮ್ಸಿನ್, ಸಾಕಿದವಳು ನಾನು. ಕಳೆದ ಜೂನ್ ಹನ್ನೆರಡಕ್ಕೆ ಮದುವೆಯಾಗಿ ಹಳ್ಳದಾಚೆ ಸಂಸಾರ ಹೂಡಿದ್ದಾಳೆ. ಗಂಡ ಅಸಹೇಲ್ ಪೀಪಾಯಿ ಮಾಡುವವನು. ಈಗ ಸರಕು ಹಾಕಿಕೊಂಡು ಕಡಲ ಕಡೆಗೆ ಹೋಗಿದ್ದಾನೆ, ಬರುವುದು ಸೋಮವಾರ. ಇವಳು ಬಸುರಿ, ಮಾರ್ಚಿಗೆ ದಿನ. ಕಾಲು ಊದಿ ಬೂಟು ಏರುತ್ತಿಲ್ಲ.

"ಅಪ್ಪಾ, ನಾಳೆ ಒಂದಿನ ಮನೇಲೇ ಕೂತು ಪ್ರಾರ್ಥನೆ ಮಾಡ್ಲಾ?"

"ಡೀಕನ್ ಮಗಳೇ ಬರ್ಲಿಲ್ಲ ಅಂದ್ರೆ ಮಿಕ್ಕೋರಿಗೆ ನಾನ್ ಏನ್ ಹೇಳ್ಲಿ? ನಿಮ್ಮಮ್ಮ ನಿನ್ನ ಹೊತ್ಕೊಂಡು ಎಂಟನೇ ತಿಂಗಳಲ್ಲೂ ಬಂದಿದ್ಲು."

"ಆಗ ಬೇಸಿಗೆ ಇತ್ತಂತೆ."

"ನಾನೇ ಬಂದು ಕರ್ಕೊಂಡ್ ಹೋಗ್ತೀನಿ."

ನಾನು ಬಾಯಿಬಿಟ್ಟು ಹೇಳಿದ್ದು ಇಷ್ಟೇ — "ಚಳಿ ಜಾಸ್ತಿ ಇದೆ ಅಣ್ಣ." ಚಳಿ ಎಲ್ಲರಿಗೂ ಒಂದೇ ಎಂದ. ಸುಮ್ಮನಾದೆ. ನಲವತ್ತಾರು ವರ್ಷದಲ್ಲಿ ನಾನು ಚೆನ್ನಾಗಿ ಕಲಿತ ವಿದ್ಯೆ ಅದೊಂದೇ.

ಜನವರಿ 4, ಕರ್ತನ ದಿನ

ಹಳ್ಳ ಹೆಪ್ಪುಗಟ್ಟಿದೆ. ಅಣ್ಣ ಮುಂದೆ, ನಡುವೆ ಬೆಥಿಯಾ, ಹಿಂದೆ ಕಾಲು ಬೆಚ್ಚಗಿಡುವ ಕೆಂಡದ ಪೆಟ್ಟಿಗೆ ಹಿಡಿದ ನಾನು. ನಡುಹಳ್ಳದಲ್ಲಿ ಜಾರಿದಳು. ಹೊಟ್ಟೆಯ ಮೇಲೆ ಬೀಳಲಿಲ್ಲ, ಪಕ್ಕಕ್ಕೆ ಬಿದ್ದಳು. ಆದರೂ ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

"ಸ್ವಲ್ಪ ಹೊತ್ತು ಕೂತಿರ್ತೀನಿ ಅಪ್ಪಾ. ಮನೆಗೆ ಹೋಗಣ."

ಅಷ್ಟರಲ್ಲಿ ಸಭೆಗೆ ಕರೆಯುವ ಎರಡನೆಯ ಡೋಲು ಬಾರಿಸಿದರು. ಅಣ್ಣ ತೋಳು ಹಿಡಿದು ಎಬ್ಬಿಸಿದ. "ಎದ್ದು ನಡಿ. ಏನೂ ಆಗಿಲ್ಲ."

ಎದ್ದು ನಡೆದಳು. ಬೆಳಗಿನ ಬೋಧನೆ, ಮಧ್ಯಾಹ್ನದ ಬೋಧನೆ, ಎರಡನ್ನೂ ಕೂತು ಕೇಳಿದಳು. ತುಟಿ ಬೆಳ್ಳಗಾಗಿತ್ತು. ಅಣ್ಣ ಎಂದಿನಂತೆ ವೇದಿಕೆಯ ಕೆಳಗಿನ ಡೀಕನ್ ಬೆಂಚಿನಿಂದ ಎದ್ದು ಕೀರ್ತನೆಯ ಒಂದೊಂದೇ ಸಾಲನ್ನು ರಾಗವಾಗಿ ಓದಿಕೊಟ್ಟ. ಜನ ಅದನ್ನೇ ಹಿಂದಿನಿಂದ ಹಾಡಿದರು. ನಮ್ಮಲ್ಲಿ ಪುಸ್ತಕ ಇರುವವರು ನಾಲ್ಕು ಜನ. ಮಿಕ್ಕವರಿಗೆ ಡೀಕನ್ ಬಾಯಿಯಿಂದ ಬಂದದ್ದೇ ಕೀರ್ತನೆ.

ಮನೆಗೆ ಬಂದ ಮೇಲೆ ಅಣ್ಣ ಅಂದ: "ಬಿದ್ದಿದ್ದನ್ನ ಊರಿಗೆಲ್ಲ ಹೇಳ್ಬೇಕಾಗಿಲ್ಲ."

ಜನವರಿ 6, ಮಂಗಳವಾರ, ಸಂಜೆ

ಹುಟ್ಟಿತು. ಹೆಣ್ಣು. ಬದುಕಿದೆ.

ಬೆಳಗಿನ ಜಾವ ಅಸಹೇಲ್ ಓಡಿಬಂದು ಬಾಗಿಲು ಬಡಿದ. ನಾನು ಹೋಗುವಷ್ಟರಲ್ಲಿ ಸೂಲಗಿತ್ತಿ ಹುಲ್ದಾ ಬಂದಿದ್ದಳು. ನೆರೆಯ ರೂಗಲ್ಸ್ ಮನೆಯಾಕೆ ಮೇಣದಬತ್ತಿ ಹಿಡಿದಿದ್ದಳು. ಹೆರಿಗೆಗೆ ಬಂದ ಹೆಂಗಸರಿಗೆ ಕೊಡುವ ಕೇಕು ಮಾಡಿಟ್ಟಿರಲಿಲ್ಲ. ಯಾರು ಮಾಡಿಟ್ಟಿರುತ್ತಾರೆ, ಮಾರ್ಚಿಗೆಂದು ಕೂತಿದ್ದೆವು.

ಕೂಸನ್ನು ನನ್ನ ಕೈಗೆ ಹಾಕಿದರು. ಎರಡು ಅಂಗೈ ಜೋಡಿಸಿದರೆ ಅದರಲ್ಲೇ ಇಡೀ ಮೈ. ಬೆರಳಿಗೆ ಉಗುರೇ ಇಲ್ಲ. ಭುಜ, ಬೆನ್ನು ತುಂಬ ಮರಿಹಕ್ಕಿಗಿರುವಂಥ ನವಿರು. ಉಣ್ಣೆ ತುಂಬಿದ ಬುಟ್ಟಿಯಲ್ಲಿ ಮಲಗಿಸಿ ಒಲೆಯ ಪಕ್ಕ ಇಟ್ಟೆವು. ಹಾಲನ್ನು ಬಟ್ಟೆಯ ತುದಿಯಿಂದ ಹಿಂಡಬೇಕು.

"ಅತ್ತೆ, ಅಮ್ಮನ ಹೆಸರೇ ಇಡ್ತೀನಿ," ಅಂದಳು ಬೆಥಿಯಾ. "ತಾಮ್ಸಿನ್."

ರೂಗಲ್ಸ್ ಮನೆಯಾಕೆ ಬತ್ತಿಯನ್ನು ಎಡಗೈಗೆ ಬದಲಿಸಿಕೊಂಡು ಬಲಗೈಯಲ್ಲಿ ಬೆರಳು ಮಡಚುತ್ತಿದ್ದಳು. ಜೂನ್, ಜುಲೈ, ಆಗಸ್ಟ್... ನೋಡಿದೆ. ಮೈ ಉರಿಯಿತು.

ಜನವರಿ 8, ಗುರುವಾರ

ಬೆರಳೆಣಿಕೆ ಊರು ಸುತ್ತಿ ನಮ್ಮ ಮನೆಗೇ ಬಂತು. ಸಭೆಯ ಮೂವರು ಹಿರಿಯರು ಬಂದು ಅಡುಗೆಮನೆಯಲ್ಲಿ ಕೂತರು. ಮದುವೆಯಾಗಿ ಏಳು ತಿಂಗಳೊಳಗೆ ಕೂಸಾದರೆ ಗಂಡ ಹೆಂಡತಿ ಸಭೆಯ ಮುಂದೆ ನಿಂತು ಮದುವೆಗೆ ಮುಂಚಿನ ಪಾಪ ಒಪ್ಪಿಕೊಳ್ಳಬೇಕು. ಅಲ್ಲಿಯವರೆಗೆ ಕೂಸಿಗೆ ದೀಕ್ಷಾಸ್ನಾನವಿಲ್ಲ. ಏಳು ತಿಂಗಳು ತುಂಬುವುದು ಹನ್ನೆರಡಕ್ಕೆ. ಹುಟ್ಟಿದ್ದು ಆರಕ್ಕೆ. ಆರು ದಿನ ಕಡಿಮೆ.

ಬಿದ್ದದ್ದನ್ನು ಅಣ್ಣ ಹೇಳಿಯಾನು ಎಂದು ಬಾಯಿ ನೋಡಿದೆ. ಹೇಳಲಿಲ್ಲ. "ನನ್ನ ಮಗಳು ಅಂತ ನಿಯಮ ಬದ್ಲಾಗಲ್ಲ," ಅಂದ. ಹಿರಿಯರು ತಲೆದೂಗಿ ಸೇಬಿನ ಸೈಡರ್ ಕುಡಿದು ಹೋದರು.

ಮಧ್ಯಾಹ್ನ ಅಸಹೇಲ್ ಬಂದ. ಟೋಪಿ ಕೂಡ ತೆಗೆಯಲಿಲ್ಲ.

"ಮಾವ, ಕೂಸು ದಿನ ತುಂಬೋಕೆ ಮುಂಚೆ ಬಂತು. ಯಾಕೆ ಬಂತು ಅಂತ ನಿಮಗೂ ಗೊತ್ತು."

"ಯಾಕೆ ಬಂತು ಅಂತ ನಿಮ್ಮಿಬ್ಬರಿಗೆ ಗೊತ್ತಿರ್ಬೇಕು."

"ಹಳ್ಳದ ಮಧ್ಯೆ ಅವಳ್ನ ಎಬ್ಬಿಸಿ ನಡೆಸಿದ್ದು ಯಾರು?"

ಅಣ್ಣನ ಮುಖ ಬೂದಿಯಾಯಿತು. "ನನ್ನ ಹೊಸ್ತಿಲು ಇನ್ನೊಂದ್ಸಲ ತುಳೀಬೇಡ. ಅವಳಿಗೂ ಹೇಳು. ಆ ಕೂಸಿಗೆ ನನ್ನ ಹೆಂಡ್ತಿ ಹೆಸರು ಇಡೋದು ಬೇಡ."

ಈಗ ಅರ್ಥವಾಗುತ್ತಿದೆ. ಮಗಳು ತಪ್ಪು ಮಾಡಿದ್ದರೆ ತಾನು ಮಾಡಿಲ್ಲ. ಮಗಳು ಮಾಡಿಲ್ಲವೆಂದರೆ ತಾನೇ. ಅಣ್ಣ ಸುಲಭದ್ದನ್ನು ಆರಿಸಿಕೊಂಡಿದ್ದಾನೆ. ಇದನ್ನು ಅವನ ಮುಖಕ್ಕೆ ಹೇಳುವ ಎದೆ ನನಗಿಲ್ಲ. ಅವನ ಸೂರು, ಅವನ ಅನ್ನ. ನನ್ನ ಸ್ವಂತದ್ದು ಅಂದರೆ ಈ ಪಂಚಾಂಗದ ಖಾಲಿ ಹಾಳೆಗಳು.

ಜನವರಿ 11, ಕರ್ತನ ದಿನ

ಬೋಗುಣಿಯ ನೀರು ಬೇರೆಯವರ ಗಂಡುಮಗುವಿಗೆ ಹೋಯಿತು. ದಷ್ಟಪುಷ್ಟ, ಊರೆಲ್ಲ ಕೇಳುವಂತೆ ಅತ್ತಿತು. ಅಣ್ಣ ನೇರವಾಗಿ ಎದುರಿನ ಗೋಡೆ ನೋಡುತ್ತಿದ್ದ.

ಜನವರಿ 13, ಮಂಗಳವಾರ

ಹುಲ್ದಾಳ ಮನೆಗೆ ಹೋಗಿದ್ದೆ. ಉಗುರಿರಲಿಲ್ಲ ಅಂತ ನೀನಾದರೂ ಹಿರಿಯರಿಗೆ ಹೇಳು ಎಂದೆ.

"ಕೆಜಾಯಾ, ನಾನು ಕೂಸು ಹಿಡಿಯೋಳು, ತಿಂಗಳ ಲೆಕ್ಕ ಹಿಡಿಯೋಳಲ್ಲ. ನಾಳೆ ನನ್ನನ್ನ ಯಾರೂ ಹೆರಿಗೆಗೆ ಕರೀದೇ ಇದ್ರೆ ನೀನು ಊಟಕ್ಕೆ ಹಾಕ್ತೀಯಾ?"

ಅವಳನ್ನು ಬಯ್ಯುವ ಹಕ್ಕು ನನಗೆಲ್ಲಿ.

ಮನೆಗೆ ಬಂದು ಕೂತೆ. ಮಸಿ ಹೆಪ್ಪುಗಟ್ಟಿತ್ತು, ಒಲೆಯ ಬಳಿ ಕರಗಿಸಿದೆ. ಸಭೆಯಲ್ಲಿ ಹೆಂಗಸರು ಮಾತಾಡುವಂತಿಲ್ಲ, ಕಾಗದ ಬರೆದುಕೊಟ್ಟರೆ ಪಾದ್ರಿಗಳು ಓದಬಹುದು. ಮೂರೇ ಸಾಲು ಬರೆದೆ. ಉಗುರಿರಲಿಲ್ಲ. ನವಿರಿತ್ತು. ದಿನ ತುಂಬಿದ ಕೂಸಲ್ಲ, ನಾನು ಕಂಡದ್ದು. ನಾಲ್ಕನೆಯದೊಂದು ಸಾಲು ಇತ್ತು, ಹಳ್ಳದ್ದು. ಲೇಖನಿ ಅದ್ದಿ ಎತ್ತಿದೆ, ಹಾಗೇ ಇಟ್ಟೆ. ನಾನು ಹೇಡಿ. ಬರೆದಿಡುತ್ತೇನೆ, ಇಲ್ಲಿಯಾದರೂ ನಿಜವಿರಲಿ.

ಪಾದ್ರಿಗಳಿಗೆ ಏನೇ ಹೋಗಬೇಕಾದರೂ ಡೀಕನ್ ಕೈಯಿಂದಲೇ. ಅಣ್ಣನಿಗೆ ಕೊಟ್ಟೆ. ನಿಂತೇ ಓದಿದ. ಎರಡು ಸಲ ಓದಿದ. ಕೀರ್ತನೆಯ ಪುಸ್ತಕದಲ್ಲಿ ಸೇರಿಸಿಟ್ಟ.

"ಕೊಡ್ತೀಯಾ ಅಣ್ಣ?"

"ನೋಡ್ತೀನಿ."

ಜನವರಿ 18, ಕರ್ತನ ದಿನ

ಕೊಡಲಿಲ್ಲ.

ಜನವರಿ 21, ಬುಧವಾರ

ಅಣ್ಣ ಸೌದೆಗೆ ಹೋದಾಗ ಕದ್ದು ಹಳ್ಳ ದಾಟಿದೆ. ಮುಸುಕಿನ ಜೋಳದ ಹಿಟ್ಟು, ಒಂದು ತುಂಡು ಉಪ್ಪುಮಾಂಸ ಶಾಲಿನಡಿ. ಈ ವಯಸ್ಸಿನಲ್ಲಿ ಕಳ್ಳತನ ಕಲಿತೆ.

ಕೂಸು ಬುಟ್ಟಿಯಲ್ಲೇ ಇದೆ. ಅಳು ಬೆಕ್ಕಿನಮರಿಯಷ್ಟು. ದಿನಕ್ಕೆ ಹತ್ತು ಸಲ ಬಟ್ಟೆಯ ತುದಿಯಿಂದ ಹಾಲು. ಬೆಥಿಯಾಳ ಕಣ್ಣು ಗುಳಿಬಿದ್ದಿವೆ.

"ಅತ್ತೆ, ಒಪ್ಕೊಂಡ್‌ಬಿಡ್ತೀನಿ."

"ಮಾಡದೇ ಇರೋದನ್ನ?"

"ಇವಳು ಹೀಗೇ ಹೋಗ್ಬಿಟ್ರೆ? ನೀರು ಬೀಳ್ದೆ, ಹೆಸರಿಲ್ದೆ? ಇವಳ್ನ ನಾನು ಆ ಕಡೆ ಹೇಗೆ ಹುಡುಕ್ಲಿ ಅತ್ತೆ, ಯಾರಂತ ಕೇಳ್ಲಿ?"

ಅಸಹೇಲ್ ಪೀಪಾಯಿಯ ಹಲಗೆ ಕೆತ್ತುತ್ತಿದ್ದವನು ನಿಲ್ಲಿಸಿದ. "ದೇವರ ಮನೇಲಿ ಸುಳ್ಳು ಹೇಳೋದು ಪಾಪ ಅಲ್ವಾ ಅಂತ ಕೇಳಿದೆ. ಆ ಪಾಪ ನನಗಿರ್ಲಿ ಅಂತಾಳೆ. ಹಾಗಾದ್ರೆ ಅರ್ಧ ನನಗಿರ್ಲಿ ಅಂದೆ."

ಕಾಗದ ಬರೆದುಕೊಟ್ಟಿದ್ದೇನೆ, ಅದು ಪುಸ್ತಕದೊಳಗೆ ಸಿಕ್ಕಿಕೊಂಡಿದೆ ಎಂದು ಹೇಳಲಾಗಲಿಲ್ಲ. ಹೇಳಿ ಏನು ಉಪಯೋಗ. ಅವಳ ತಲೆ ಬಾಚಿ ಜಡೆ ಹಾಕಿ ಬಂದೆ.

ಜನವರಿ 24, ಶನಿವಾರ

ಬೋಗುಣಿ ಉಜ್ಜಿದೆ. ನಾಳೆ ನಮ್ಮ ಕೂಸಿಗೆ. ಮೂರು ಸಲ ಉಜ್ಜಿದೆ. ಅಣ್ಣ ಒಲೆಯ ಮುಂದೆ ಕೂತು ನಾನು ಉಜ್ಜುವುದನ್ನೇ ನೋಡುತ್ತಿದ್ದ. ಗಂಜಿ ಮುಟ್ಟಲಿಲ್ಲ.

ಜನವರಿ 25, ಕರ್ತನ ದಿನ

ಇದ್ದದ್ದು ಇದ್ದ ಹಾಗೆ ಬರೆಯಬೇಕು.

ಬೆಳಗಿನ ಬೋಧನೆಯ ನಂತರ ಪಾದ್ರಿಗಳು ಅವರಿಬ್ಬರನ್ನು ನಡುದಾರಿಗೆ ಕರೆದರು. ಹೆತ್ತು ಹತ್ತೊಂಬತ್ತು ದಿನವಾಗಿದೆ, ನಿಲ್ಲಲು ಶಕ್ತಿಯಿಲ್ಲ. ಅಸಹೇಲ್ ಮೊಣಕೈ ಹಿಡಿದಿದ್ದ. ಕೂಸು ಕುರಿಚರ್ಮದೊಳಗೆ, ಅವಳ ಎದೆಗೆ ಕಟ್ಟಿಕೊಂಡಂತೆ. ಡೀಕನ್ ಬೆಂಚು ಸಭೆಗೆ ಎದುರಾಗಿರುತ್ತದೆ. ಅಣ್ಣ ಬೇಡವೆಂದರೂ ಅವಳ ಮುಖವೇ ಕಾಣಬೇಕು.

ವ್ಯಭಿಚಾರ ಮಾಡಬಾರದೆಂಬ ಏಳನೆಯ ಆಜ್ಞೆ ಮೀರಿದ್ದೇವೆಂದು ಒಪ್ಪುತ್ತೀರಾ ಎಂದು ಕೇಳಿದರು.

"ಹೌದು," ಅಂದಳು. ಗಟ್ಟಿಯಾಗಿಯೇ.

ಅಸಹೇಲ್ ಕೂಸಿನ ಮುಖ ನೋಡಿಕೊಂಡು ಅಂದ, "ಹೌದು."

ರೂಗಲ್ಸ್ ಮನೆಯಾಕೆ ನನ್ನ ಮುಂದಿನ ಬೆಂಚು. ಅವಳ ಕತ್ತು ಕೂಡ ಅಲ್ಲಾಡಲಿಲ್ಲ.

ಸಭೆ ಕ್ಷಮಿಸಿದೆ, ಕೀರ್ತನೆ ಹಾಡಿ ಕೂಸಿಗೆ ದೀಕ್ಷಾಸ್ನಾನ ಕೊಡೋಣ ಎಂದರು. ಅಣ್ಣ ಎದ್ದ. ಪುಸ್ತಕ ತೆರೆದ. ತೆರೆದದ್ದು ಆ ಕಾಗದವಿದ್ದ ಜಾಗಕ್ಕೇ. ಬೇಕೆಂದೇ ತೆರೆದನೋ, ಅದಾಗಿ ತೆರೆಯಿತೋ, ನನಗೆ ಗೊತ್ತಿಲ್ಲ. ಜನ ಕೆಮ್ಮಿದರು. ಆಮೇಲೆ ಮೂವತ್ತು ವರ್ಷದಿಂದ ಆ ಜಾಗದಲ್ಲಿ ಬರುವ ಅದೇ ರಾಗದಲ್ಲಿ ದನಿ ಎತ್ತಿದ:

"ಹುಟ್ಟಿದ ಕೂಸಿನ ಬೆರಳಿಗೆ ಉಗುರು ಇರಲಿಲ್ಲ..."

ಜನ ಹಾಡಿದರು. ದೇವರಾಣೆ, ಇಡೀ ಸಭೆ ಹಾಡಿತು. ಡೀಕನ್ ಬಾಯಿಂದ ಬಂದದ್ದನ್ನು ಹಾಡಿ ಅಭ್ಯಾಸ, ಅರ್ಥ ಯಾರಿಗೆ ಬೇಕು. ಹುಟ್ಟಿದ ಕೂಸಿನ ಬೆರಳಿಗೆ ಉಗುರು ಇರಲಿಲ್ಲ, ಎಂದು ಎಳೆದೆಳೆದು, ಗಂಡಸರು ಕೆಳಗಿನ ಸ್ವರದಲ್ಲಿ, ಹೆಂಗಸರು ಮೇಲಿನದರಲ್ಲಿ.

"ಮೈಯ ಮೇಲೆ ಮರಿಹಕ್ಕಿಯ ನವಿರು ಇತ್ತು..."

ಅರ್ಧ ಜನ ಹಾಡಿದರು. ಉಳಿದವರು ಪಕ್ಕದವರ ಮುಖ ನೋಡಿದರು.

"ದಿನ ತುಂಬಿದ ಕೂಸಲ್ಲ, ನಾನು ಕಂಡದ್ದು..."

ಮುಂದಿನ ಸಾಲಿನ ಕಿವುಡ ಮುದುಕ ಜೇಬೆಜ್ ಒಬ್ಬನೇ ಹಾಡಿ ಮುಗಿಸಿದ. ಅಳಬೇಕೋ ನಗಬೇಕೋ ತಿಳಿಯದೆ ತುಟಿ ಕಚ್ಚಿ ಕೂತಿದ್ದೆ. ನಾನು ಬರೆದದ್ದು ಅಲ್ಲಿಗೆ ಮುಗಿದಿತ್ತು. ಅಣ್ಣ ಕಾಗದ ಮಡಚಿದ. ರಾಗ ಬಿಡಲಿಲ್ಲ. ರಾಗವಿಲ್ಲದೆ ಅಲ್ಲಿ ಮಾತಾಡಲು ಅವನಿಗೆ ಬರುವುದೇ ಇಲ್ಲವೇನೋ.

"ಬಿದ್ದವಳ ಎಬ್ಬಿಸಿ ನಡೆಸಿದವನು ನಾನು..."

ಯಾರೂ ಹಾಡಲಿಲ್ಲ. ನಾನು ಹಾಡಬೇಕಿತ್ತು. ಬಾಯಿ ತೆರೆದೆ. ದನಿ ಬರಲಿಲ್ಲ.

ಬೆಥಿಯಾ ಅಪ್ಪನನ್ನೇ ನೋಡುತ್ತಿದ್ದಳು. ಪಾದ್ರಿಗಳು, "ಡೀಕನ್, ಕೂತ್ಕೊಳಿ," ಎಂದರು. ಮೆಲ್ಲಗೆ, ಜ್ವರ ಬಂದವರಿಗೆ ಹೇಳುವ ಹಾಗೆ. ಆಮೇಲೆ ಹಿರಿಯರ ಜೊತೆ ಗುಸುಗುಸು. ಡೀಕನ್ ಹೇಳಿದ್ದು ನಿಜವಾದರೆ ಮಗಳು ಒಪ್ಪಿಕೊಂಡದ್ದು ಸುಳ್ಳು. ಮಗಳದ್ದು ನಿಜವಾದರೆ ಡೀಕನ್ನರದು ಸುಳ್ಳು. ವಿಚಾರಣೆ ಆಗುವವರೆಗೆ ದೀಕ್ಷಾಸ್ನಾನ ತಡೆಯತಕ್ಕದ್ದು.

ಸುಳ್ಳು ಹೇಳಿದಾಗ ಕೊಡುವವರಿದ್ದರು. ನಿಜ ಹೇಳಿದ್ದಕ್ಕೆ ಹೋಯಿತು.

ಬೋಗುಣಿಯ ನೀರಿನ ಮೇಲೆ ತೆಳ್ಳಗೆ ಮಂಜು ಕಟ್ಟಿತ್ತು. ಹೊರಗೆ ಹಿಮಕ್ಕೆ ಚೆಲ್ಲಿ, ಬೋಗುಣಿ ಹಿಡಿದುಕೊಂಡು ಬಂದೆ.

ಜನವರಿ 27, ಮಂಗಳವಾರ

ಇವತ್ತು ಬೆಳಿಗ್ಗೆ ಅಣ್ಣ ಜಾರುಬಂಡಿಗೆ ಸೌದೆ ಹೇರಿದ. "ನೀನೂ ಬಾ," ಅಂದ.

ಅಸಹೇಲ್ ಬಾಗಿಲು ತೆಗೆದ. ಅಣ್ಣ ಹೊಸ್ತಿಲ ಆಚೆಯೇ ನಿಂತ. ತಾನು ತುಳಿಯಬೇಡ ಎಂದಿದ್ದು ನೆನಪಾಗಿರಬೇಕು. ಇಬ್ಬರೂ ಮುಖ ನೋಡಿಕೊಂಡು ಎಷ್ಟು ಹೊತ್ತು ನಿಂತರೆಂದರೆ ನನ್ನ ಮೂಗೇ ಹೆಪ್ಪುಗಟ್ಟಿತು.

"ಒಳಗ್ ಬನ್ನಿ ಮಾವ," ಅಂದ ಅಸಹೇಲ್ ಕಡೆಗೆ. "ಬಾಗ್ಲು ಹೀಗೆ ತೆಗೆದಿಟ್ರೆ ಕೂಸಿಗೆ ಚಳಿ."

ಅಣ್ಣ ಬುಟ್ಟಿಯ ಪಕ್ಕ ನೆಲದ ಮೇಲೆ ಕೂತ. ಕೂಸಿನ ಕೈಯನ್ನು ತನ್ನ ಬೆರಳ ತುದಿಯ ಮೇಲಿಟ್ಟುಕೊಂಡು ಕಣ್ಣು ಹತ್ತಿರ ತಂದ.

"ಉಗುರು ಬಂದಿದೆ."

"ಎರಡು ದಿನ ಆಯ್ತಪ್ಪಾ," ಅಂದಳು ಬೆಥಿಯಾ ಹಾಸಿಗೆಯಿಂದ.

"ಎದ್ದು ನಡಿ ಅಂದೆ ನಿನಗೆ."

"ಅಂದ್ರಿ."

"ಎತ್ಕೊಂಡು ಮನೆಗೆ ವಾಪಸ್ ಬರಬಹುದಾಗಿತ್ತು. ನೀನೇನ್ ಭಾರ ಇದ್ದೆ." ಅಣ್ಣ ಅತ್ತದ್ದನ್ನು ನಾನು ನೋಡಿದ್ದು ಎರಡನೆಯ ಸಲ.

ಬೆಥಿಯಾ ಹೊದಿಕೆ ಎಳೆದುಕೊಂಡಳು. "ನಿಮ್ಮ ಮೇಲೆ ನನಗೆ ಕೋಪ ಇದೆ ಅಪ್ಪಾ. ಇರುತ್ತೆ. ಈಗ ಅವಳ್ನ ಸ್ವಲ್ಪ ಎತ್ಕೊಳಿ, ನನಗೆ ಕಣ್ಣು ಎಳೀತಿದೆ."

ಎತ್ತಿಕೊಂಡ. ಅವಳು ಮಲಗಿದಳು. ನಾನು ಗಂಜಿ ಕಲಕುತ್ತ ಒಲೆಯ ಕಡೆ ತಿರುಗಿ ನನ್ನ ಪಾಲಿನದನ್ನು ಅತ್ತು ಮುಗಿಸಿದೆ. ಸಂತೋಷಕ್ಕೇ. ಅಣ್ಣ ಮನೆಗೆ ಹೊರಡಲೇ ಇಲ್ಲ. ನಾವಿಬ್ಬರೂ ಇಲ್ಲೇ.

ಜನವರಿ 29, ಗುರುವಾರ

ವಿಚಾರಣೆ ಫೆಬ್ರವರಿ ಹತ್ತಕ್ಕೆ. ಹಿಮ ಕಡಿಮೆಯಾದರೆ. ಅಲ್ಲಿಯವರೆಗೆ ಅಣ್ಣ ಡೀಕನ್ ಬೆಂಚಿನಲ್ಲಿ ಕೂರುವ ಹಾಗಿಲ್ಲ.

ಕೂಸು ಭಾನುವಾರದ ಚಳಿಯಿಂದ ಚೇತರಿಸಿಕೊಂಡಿಲ್ಲ. ಹಾಲು ಬಾಯಿಂದ ಹೊರಗೇ ಬರುತ್ತಿದೆ. ಅಣ್ಣ ಪಾದ್ರಿಗಳ ಮನೆಗೆ ಹೋಗಿ, ದಯವಿಟ್ಟು ಮನೆಗೇ ಬಂದು ನೀರು ಹಾಕಿ ಎಂದು ಕೇಳಿದನಂತೆ. ದೀಕ್ಷಾಸ್ನಾನ ಸಭೆಯ ನಡುವೆ ಆಗಬೇಕಾದದ್ದು, ಒಲೆಯ ಪಕ್ಕದಲ್ಲಲ್ಲ, ಅದು ನಿಮಗೇ ಗೊತ್ತಲ್ಲ ಎಂದರಂತೆ. ಅವರ ಕಣ್ಣಲ್ಲೂ ನೀರಿತ್ತಂತೆ.

ಗೊತ್ತು. ಏಳು ವರ್ಷದ ಹಿಂದೆ ರೂಗಲ್ಸ್ ಮನೆಯ ಕೂಸು ಸಾಯುವಾಗ ಅವರ ಬಾಗಿಲಲ್ಲಿ ನಿಂತು ಇದೇ ಮಾತು ಹೇಳಿ ಬಂದವನು ಅಣ್ಣ. ನಾನೂ ಜೊತೆಗಿದ್ದೆ. ಆಗಲೂ ಸುಮ್ಮನಿದ್ದೆ.

ಜನವರಿ 30, ಶುಕ್ರವಾರ

ರೂಗಲ್ಸ್ ಮನೆಯಾಕೆ ಬಂದಿದ್ದಳು. ಅಸಹೇಲ್ ಬಾಗಿಲು ಹಾಕಿಬಿಡುತ್ತಿದ್ದ, ನಾನು ತಡೆದೆ. ಮೊಲದ ಚರ್ಮದ ಪುಟ್ಟ ಚೀಲ ತಂದಿದ್ದಳು, ಒಳಗೆ ನವಿರಾದ ಉಣ್ಣೆ. ಹಳೆಯದು. ಯಾರಿಗೆಂದು ಹೊಲಿದದ್ದೆಂದು ಕೇಳಬೇಕಾಗಿರಲಿಲ್ಲ.

"ಇದ್ರಲ್ಲಿ ಹಾಕಿ. ಬೆಚ್ಚಗಿರತ್ತೆ," ಎಂದು ಅಣ್ಣನ ಕೈಗೇ ಕೊಟ್ಟಳು. ಅಣ್ಣ ಅವಳ ಮುಂದೆ ತಲೆ ತಗ್ಗಿಸಿದ. ಕೂರಲಿಲ್ಲ, ಹೋದಳು.

ಜನವರಿ 31, ಶನಿವಾರ, ಸಂಜೆ ನಾಲ್ಕು

ಬೋಗುಣಿಯನ್ನು ಇಲ್ಲಿಗೇ ತಂದು ಉಜ್ಜುತ್ತಿದ್ದೆ. ನಾಳೆ ಇನ್ಯಾರದೋ ಕೂಸಿಗೆ ಬೇಕಾಗುತ್ತದಲ್ಲ.

ಬೆಳಗಿನಿಂದ ಒಂದು ಹನಿಯೂ ಇಳಿದಿಲ್ಲ. ಉಸಿರು ನಿಂತು ನಿಂತು ಬರುತ್ತಿದೆ. ಹುಲ್ದಾ ಬಂದು ನೋಡಿ, ನನ್ನ ಭುಜ ಮುಟ್ಟಿ ಹೋದಳು. ಬೆಥಿಯಾ ಕೂಸನ್ನು ಎದೆಯ ಮೇಲೆ ಹಾಕಿಕೊಂಡು ಗೋಡೆಗೆ ಒರಗಿದ್ದಾಳೆ. ಅಳುತ್ತಿಲ್ಲ. ಅಸಹೇಲ್ ಅವಳ ಪಾದ ಹಿಡಿದುಕೊಂಡು ಕೂತಿದ್ದಾನೆ. ಯಾರಿಗೂ ಮಾಡಲು ಏನೂ ಇಲ್ಲ.

ಅಣ್ಣ ಕಿಟಕಿಯ ಹತ್ತಿರ ನಿಂತಿದ್ದ. ಸೂರ್ಯ ಮುಳುಗಿದರೆ ಕರ್ತನ ದಿನ ಶುರು, ಯಾವ ಕೆಲಸವೂ ಮಾಡುವಂತಿಲ್ಲ. ಆಮೇಲೆ ನನ್ನ ಪಕ್ಕ ಬಂದು ನಿಂತು, ನಾನು ಉಜ್ಜುತ್ತಿದ್ದುದನ್ನು ನೋಡಿದ.

"ಕೆಜಾಯಾ, ಮರಳೆಲ್ಲ ತೊಳಿ. ನೀರು ಕಾಯ್ಸಕ್ಕಿಡು."

"ಅಣ್ಣ, ಪಾದ್ರಿಗಳು ಇಲ್ದೆ..."

"ಗೊತ್ತು."

"ನಿನಗೆ ಆ ಅಧಿಕಾರ ಇಲ್ಲ ಅಂತಾರೆ. ಇದು ಲೆಕ್ಕಕ್ಕೇ ಬರಲ್ಲ ಅಂತಾರೆ."

"ಅಂತಾರೆ. ನಾನೂ ಅಂದಿದ್ದೆ." ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡ. "ಬೆಚ್ಚಗಿರ್ಲಿ. ಅವಳಿಗೆ ಚಳಿ ಆಗೋದು ಬೇಡ."

ನೀರು ಒಲೆಯ ಮೇಲಿದೆ. ಅದು ಕಾಯುವಷ್ಟರಲ್ಲಿ ಬರೆಯುತ್ತಿದ್ದೇನೆ. ಇದು ಪಾಪವೋ ಅಲ್ಲವೋ ನನಗೆ ತಿಳಿಯದು. ಕೂಸಿಗೆ ತಲುಪುತ್ತದೋ ಇಲ್ಲವೋ ಅದೂ ತಿಳಿಯದು. ಈ ಸಲ ನಾನು ಸುಮ್ಮನಿರುವುದಿಲ್ಲ. ಅಣ್ಣ ಸಾಲು ಹೇಳಿದರೆ ಗಟ್ಟಿಯಾಗಿ ಹಾಡುತ್ತೇನೆ, ನಾನೊಬ್ಬಳೇ ಆದರೂ.

ಬೆರಳು ಅದ್ದಿ ನೋಡಿದೆ. ಇನ್ನೊಂದು ಚೂರು.

ಅಣ್ಣ ಹಾಸಿಗೆಯ ಕಡೆಯಿಂದ ಕೇಳುತ್ತಿದ್ದಾನೆ, "ತಾಮ್ಸಿನ್‌ಗೆ ನೀರು ಆಯ್ತಾ?"

ತಾಮ್ಸಿನ್ ಅಂದ. ಅವನ ಬಾಯಿಂದಲೇ. ಬೆಥಿಯಾ ತಲೆಯೆತ್ತಿ ನೋಡಿದಳು.

ಆಯ್ತು ಅಣ್ಣ ಅಂದೆ. ಹದವಾಗಿದೆ. ಬೋಗುಣಿಗೆ ಸುರಿದು ಕೊಂಡೊಯ್ಯಬೇಕು, ಲೇಖನಿ ಇಡುತ್ತೇನೆ.